ಗುಂಡು ಹಾರಿಸದ ಗನ್ನು

ಮಧುರೆಯ ಓದುಗರೊಬ್ಬರ ಪ್ರಶ್ನೆ: "ಅಟ್ಟದಲ್ಲಿದ್ದ ಹಳೇ ಟಿವಿ ಗೇಮನ್ನು ಮಗನಿಗೆಂದು ಇಳಿಸಿದೆ. ಎಲ್‌ಇಡಿ ಟಿವಿಗೆ ಹಾಕಿದರೆ ಮಾರಿಯೋ ಓಡುತ್ತಾನೆ, ಕಾಂಟ್ರಾನೂ ಆಡಬಹುದು. ಬಾತುಕೋಳಿ ಮಾತ್ರ ಎಷ್ಟು ಗುರಿಯಿಟ್ಟು ಹೊಡೆದರೂ ಬೀಳೊಲ್ಲ. ಗನ್ನು ಕೆಟ್ಟಿದೆಯೇ?"

ಗನ್ನು ಕೆಟ್ಟಿರಲಿಕ್ಕಿಲ್ಲ ಸ್ವಾಮಿ, ಟಿವಿ ಹೊಸದಾಗಿದೆ!

ಮೊದಲು ಯಂತ್ರದ ಕುಲಗೋತ್ರ. ಮೂಲಪುರುಷ ಜಪಾನಿನ ನಿಂಟೆಂಡೊ 1983ರ ಜುಲೈನಲ್ಲಿ ಮಾರುಕಟ್ಟೆಗೆ ಬಿಟ್ಟ ಫ್ಯಾಮಿಕಾಮ್. ಅದರ ಚಿಪ್ಪುಗಳ ತದ್ರೂಪನ್ನು ತೈವಾನಿನ ಯುಎಂಸಿ ತಯಾರಿಸಿತು. ಆಮೇಲೆ ನಕಲಿಗಳ ಮಹಾಪೂರ. ಚೀನಾದ ಸುಬೋರ್ ಕಂಪನಿ ಇದಕ್ಕೊಂದು ಕೀಬೋರ್ಡು ಕೂಡಿಸಿ 'ಕಲಿಕೆಯ ಯಂತ್ರ' ಎಂದು ಮಾರಿತು, ಜಾಕಿ ಚಾನ್ ಕೈಲಿ ಜಾಹೀರಾತು ಮಾಡಿಸಿತು. ಓದಲೆಂದು ಅಪ್ಪ ಅಮ್ಮ ಕೊಡಿಸಿದರು, ಮಕ್ಕಳು ಆಡಿದರು. ರಷ್ಯಾದಲ್ಲಿ ಇದೇ ವಂಶದ ಕುಡಿ 'ಡೆಂಡಿ'. ನಮ್ಮವರು ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದರು, ಜೊತೆಗೆ '9999 ಇನ್ 1' ಎಂದು ಹಸಿಹಸಿ ಸುಳ್ಳು ಹೇಳುವ ಕ್ಯಾಸೆಟ್ಟು.

ಈಗ ಗನ್ನಿಗೆ ಬರೋಣ. ಅದರಿಂದ ಏನೋ ಹೊರಟು ಟಿವಿಗೆ ತಾಗುತ್ತದೆ ಅಂತಲೇ ಎಲ್ಲರೂ ನಂಬಿದ್ದರು. ಏನೂ ಹೊರಡುವುದಿಲ್ಲ. ಗನ್ನಿನ ನಳಿಗೆಯೊಳಗೆ ಇರುವುದು ಒಂದು ಮಸೂರ, ಅದರ ಹಿಂದೆ ಬೆಳಕನ್ನು ಗುರುತಿಸುವ ಪುಟ್ಟ ಬಿಡಿಭಾಗ. ಅದು ಹೊಡೆಯುವುದಿಲ್ಲ, ನೋಡುತ್ತದೆ. ಶನಿಮಹಾತ್ಮನ ಸನ್ನಿಧಿಯ ಮಧುರೆಯವರಿಗೆ ದೃಷ್ಟಿಯ ಮಹಿಮೆಯನ್ನು ಬೇರೆ ವಿವರಿಸಬೇಕೆ?

ನೀವು ಟ್ರಿಗರ್ ಒತ್ತಿದ ಕೂಡಲೇ ಯಂತ್ರ ಇಡೀ ಪರದೆಯನ್ನು ಒಂದು ಚಿತ್ರದ ಮಟ್ಟಿಗೆ ಕಪ್ಪಾಗಿಸುತ್ತದೆ. ಮರುಚಿತ್ರದಲ್ಲಿ ಬಾತುಕೋಳಿ ಇದ್ದ ಜಾಗದಲ್ಲಷ್ಟೇ ಬಿಳಿ ಚೌಕ. ಗನ್ನಿಗೆ ಮೊದಲು ಕತ್ತಲು, ಬೆನ್ನಿಗೇ ಬೆಳಕು ಕಂಡರೆ ಗುರಿ ತಾಗಿತು ಎಂದು ಲೆಕ್ಕ. ಎರಡು ಬಾತುಕೋಳಿ ಹಾರುತ್ತಿದ್ದರೆ? ಮೊದಲು ಒಂದರ ಚೌಕ, ಮುಂದಿನ ಚಿತ್ರದಲ್ಲಿ ಇನ್ನೊಂದರದು. ಬೆಳಕು ಯಾವ ಸರದಿಯಲ್ಲಿ ಕಂಡಿತೋ ಆ ಕೋಳಿ ಬಿತ್ತು! ನಮ್ಮ ಟಿವಿಗಳಲ್ಲಿ ಒಂದೊಂದು ಚಿತ್ರದ ಆಯುಷ್ಯ ಸೆಕೆಂಡಿನ 50ನೇ ಒಂದು ಭಾಗ. ನಮಗೆ ಕಂಡದ್ದು ಬರೀ ಒಂದು ಮಿಣುಕು.

ನಿಂಟೆಂಡೊದ ಅಸಲಿ ಗನ್ನು ಇನ್ನೂ ಚಾಲಾಕು. ಡಬ್ಬಾ ಟಿವಿಯೊಳಗೆ ಎಲೆಕ್ಟ್ರಾನು ಕಿರಣ ಸೆಕೆಂಡಿಗೆ 15,000ಕ್ಕೂ ಹೆಚ್ಚು ಅಡ್ಡಗೆರೆ ಎಳೆಯುತ್ತದೆ. ಆ ಮಿಡಿತವಿರುವ ಬೆಳಕಿಗಷ್ಟೇ ಅದು ಓಗೊಡುತ್ತಿತ್ತು. ಬಲ್ಬಿನ ಕಡೆ ತಿರುಗಿಸಿ ಮೋಸಮಾಡುವಂತಿರಲಿಲ್ಲ.

ಎಲ್‌ಇಡಿ ಟಿವಿಯಲ್ಲಿ ಆ ಗೆರೆಮಿಡಿತವೂ ಇಲ್ಲ, ಚಿತ್ರ ಸಮಯಕ್ಕೆ ಸರಿಯಾಗಿ ಮೂಡುವುದೂ ಇಲ್ಲ. ಬಂದ ಚಿತ್ರವನ್ನು ತನ್ನ ಅಳತೆಗೆ ಹೊಂದಿಸಿಕೊಂಡು ತೋರಿಸುವಷ್ಟರಲ್ಲಿ ಯಂತ್ರ ಉತ್ತರಕ್ಕೆ ಕಾದ ಗಳಿಗೆ ಮುಗಿದಿರುತ್ತದೆ. ಮಾರಿಯೋಗೆ ಈ ಸಣ್ಣ ವಿಳಂಬ ಲೆಕ್ಕಕ್ಕಿಲ್ಲ, ಗನ್ನಿಗೆ ಅದೇ ಸರ್ವಸ್ವ.

ಇನ್ನು 'ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತೆ' ಎಂಬ ಆ ಕಾಲದ ಮನೆಮನೆಯ ಶಾಸನ. ದೂರದರ್ಶನದ ಸಿಗ್ನಲ್ ಬರುವ ಆಂಟೆನಾ ತೂತಿಗೇ ಗೇಮಿನ ವೈರನ್ನೂ ಸಿಕ್ಕಿಸುತ್ತಿದ್ದೆವು. ಬಂದದ್ದು 'ಚಿತ್ರಮಂಜರಿ'ಯೋ ಬಾತುಕೋಳಿಯೋ ಟ್ಯೂಬಿಗೆ ಹೇಗೆ ಗೊತ್ತಾಗಬೇಕು? ಅಲ್ಲಾಡದ ಒಂದೇ ಚಿತ್ರವನ್ನು ದಿನಗಟ್ಟಲೆ ಬಿಟ್ಟರೆ ಪರದೆಯ ಒಳಲೇಪದಲ್ಲಿ ಕಲೆ ಉಳಿಯುವುದು ನಿಜ. ಭಾನುವಾರದ ಒಂದೆರಡು ಗಂಟೆಗೆ ಏನೂ ಆಗದು. ಮಕ್ಕಳನ್ನು ಹೋಂವರ್ಕಿಗೆ ಎಬ್ಬಿಸಲು ಹಿರಿಯರು ವಿಜ್ಞಾನವನ್ನು ಬಲಿಕೊಟ್ಟರು, ಅಷ್ಟೇ.

ಓದುಗರೇ, ಊರಲ್ಲಿ ಯಾರ ಮನೆಯಲ್ಲಾದರೂ ಡಬ್ಬಾ ಟಿವಿ ಉಳಿದಿದ್ದರೆ ಗೇಮನ್ನು ಅದಕ್ಕೆ ಹಚ್ಚಿ. ಮಗ ಗುರಿಯಿಡಲಿ, ನೀವು ಮೊಬೈಲಿನ ಸ್ಲೋಮೋಷನ್ನಿನಲ್ಲಿ ಪರದೆಯನ್ನು ಚಿತ್ರೀಕರಿಸಿ. ಕಪ್ಪು ಪರದೆ, ಅದರ ಹಿಂದೆಯೇ ಬಿಳಿ ಚೌಕ ಕಂಡೇ ಕಾಣುತ್ತದೆ.