‘ಹಾಲ್ಟಿಗ್’ ಅಂದ್ರೆ ಹಾಲಾ ಅಮ್ಮ?

ನಿಮ್ಮ ಫ್ರಿಜ್‌ನಲ್ಲಿ ಈಗ ಒಂದು ಬಿಟರ್ ಲೆಮನ್ ಅಥವಾ ಟಾನಿಕ್ ಬಾಟಲಿ ಇದೆಯೇ? ಇದ್ದರೆ ಎದ್ದು ಹೋಗಿ ತನ್ನಿ. ಹಿಂಬದಿಯ ಲೇಬಲ್ ಓದುತ್ತಾ ಮಾತಾಡೋಣ.

ನನಗೆ ಆ ಲೇಬಲ್ ಓದಿ ಹೇಳಿದವಳು ನನ್ನ ಮಗಳು. ಆಗ ಅವಳು ಎರಡನೇ ಕ್ಲಾಸು. ಸ್ಟುಟ್‌ಗಾರ್ಟ್‌ನ ಟ್ರಾಮ್‌ನಲ್ಲಿ, ಅಂಗಡಿಯಲ್ಲಿ, ಊಟದ ಮೇಜಿನ ಮೇಲೆ, ಕಂಡ ಜರ್ಮನ್ ಪದವನ್ನೆಲ್ಲ ಜೋರಾಗಿ ಓದುವ ಹುಚ್ಚು. ನಾನು ಎರಡನೆಯ ಸಲ ಬಸುರಿ, ನಾಲ್ಕನೇ ತಿಂಗಳು. ವಾಕರಿಕೆಗೆ ಏನೂ ಒಗ್ಗುತ್ತಿರಲಿಲ್ಲ, ಬಿಟರ್ ಲೆಮನ್ ಒಂದೇ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ದಿನಾ ಸಂಜೆ ಎರಡು ಲೋಟ, ಕೆಲವು ದಿನ ಮೂರು. ಮಗಳು ಬಾಟಲಿ ತಿರುಗಿಸಿ “ಕಿ-ನೀನ್-ಹಾಲ್-ಟಿಗ್” ಎಂದು ಅಕ್ಷರ ಕೂಡಿಸಿ ಓದಿದಳು. “ಅಮ್ಮ, ಇದ್ರಲ್ಲಿ ಹಾಲಿದೆಯಾ?”

ನಕ್ಕೆ. ಆಮೇಲೆ ಲೋಟ ಕೆಳಗಿಟ್ಟೆ. ‘ಹಾಲ್ಟಿಗ್’ ಅಂದರೆ ‘ಇರುವ’. ಕಿನೀನ್ ಅಂದರೆ ಕ್ವಿನೈನ್. ನನ್ನ ಕೆಲಸವೇ ಬೆಳಕು ಸೂಸುವ ಅಣುಗಳನ್ನು ಅಳೆಯುವುದು. ಬೇರೆ ಅಣುಗಳ ಹೊಳಪನ್ನು ಹೋಲಿಸಿ ನೋಡಲು ಕ್ವಿನೈನ್ ಸಲ್ಫೇಟ್ ನಮಗೆ ಅಳತೆಗೋಲು. ಲ್ಯಾಬಿನಲ್ಲಿ ಅದರ ಡಬ್ಬಿಯನ್ನು ಕೈಗವಸು ಹಾಕಿಕೊಂಡು ತೆರೆಯುವವಳು ಮನೆಯಲ್ಲಿ ಅದನ್ನೇ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಿದ್ದೆ, ಒಂದು ಸಲವೂ ಲೇಬಲ್ ನೋಡದೆ. ನಿಜ ಹೇಳಬೇಕೆಂದರೆ ಈ ವಿಷಯ ಸಹೋದ್ಯೋಗಿಗಳಿಗೆ ಇನ್ನೂ ಹೇಳಿಲ್ಲ.

ಮರುದಿನ ನಮ್ಮ ಸೂಲಗಿತ್ತಿಗೆ ಫೋನ್ ಮಾಡಿದೆ. ಗಾಬರಿ ಬೇಡ, ಆದರೆ ಇವತ್ತಿಗೇ ನಿಲ್ಲಿಸಿ ಎಂದರು. ಆಹಾರ ಸುರಕ್ಷತೆಯ ಅಪಾಯಗಳನ್ನು ಅಳೆಯುವ ಜರ್ಮನಿಯ ಸರ್ಕಾರಿ ಸಂಸ್ಥೆ ಬಿಎಫ್ಆರ್ 2005ರಲ್ಲೇ ಇದನ್ನು ಹೇಳಿದೆ: ಗರ್ಭಿಣಿಯರು ಮುಂಜಾಗ್ರತೆಯಾಗಿ ಕ್ವಿನೈನ್ ಇರುವ ಪಾನೀಯಗಳನ್ನು ಬಿಡುವುದು ಒಳ್ಳೆಯದು. ಹೆರಿಗೆಗೆ ಮುಂಚಿನ ವಾರಗಳಲ್ಲಿ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಟಾನಿಕ್ ಕುಡಿದ ತಾಯಿಯೊಬ್ಬರ ಹಸುಗೂಸಿಗೆ ನಡುಕ ಕಾಣಿಸಿಕೊಂಡ ಪ್ರಕರಣವೊಂದನ್ನೂ ಅದು ಉಲ್ಲೇಖಿಸಿದೆ. ಎದೆಬಡಿತದ ಏರುಪೇರು ಇರುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಕಿವಿಯಲ್ಲಿ ಗುಂಯ್‌ಗುಡುವ ತೊಂದರೆ ಇರುವವರಿಗೂ ಇದೇ ಎಚ್ಚರಿಕೆ. ಊರಿನಿಂದ ಬಂದ ಅಪ್ಪ–ಅಮ್ಮ, ಅತ್ತೆ–ಮಾವನವರಿಗೆ ಈ ಬಾಟಲಿ ಕೊಡುವಾಗ ಮೊದಲು ಅವರ ಮಾತ್ರೆ ಡಬ್ಬಿ ನೆನಪಿರಲಿ.

ಕಿವಿಯ ಮಾತು ಓದಿದಾಗ ನನಗೆ ಅಜ್ಜ ನೆನಪಾದರು. ತೀರ್ಥಹಳ್ಳಿ ಕಡೆಯವರು. ಮಲೆನಾಡಿನಲ್ಲಿ ಚಳಿಜ್ವರ ಮನೆಮನೆಯ ಕಾಯಿಲೆಯಾಗಿದ್ದ ಕಾಲದವರು. ಕ್ವಿನೈನ್ ನುಂಗಿದರೆ ಕಿವಿಯೊಳಗೆ ಜೇನುಗೂಡು ಕಟ್ಟಿದ ಹಾಗಾಗುತ್ತದೆ ಎನ್ನುತ್ತಿದ್ದರು. ಆದರೆ ಪ್ರಮಾಣದ ವ್ಯತ್ಯಾಸ ಗಮನಿಸಿ. ಮಲೇರಿಯಾಕ್ಕೆ ದೊಡ್ಡವರಿಗೆ ಕೊಡುವುದು ಒಂದು ಹೊತ್ತಿಗೆ ಸುಮಾರು 600 ಮಿಲಿಗ್ರಾಂ, ದಿನಕ್ಕೆ ಮೂರು ಹೊತ್ತು. ಯುರೋಪಿನ ಕಾನೂನು ತಂಪು ಪಾನೀಯದಲ್ಲಿ ಬಿಡುವುದು ಕಿಲೋಗೆ ಹೆಚ್ಚೆಂದರೆ 100 ಮಿಲಿಗ್ರಾಂ. ಆರೋಗ್ಯವಾಗಿರುವ ದೊಡ್ಡವರು ಎಂದಾದರೊಮ್ಮೆ ಒಂದು ಲೋಟ ಕುಡಿದರೆ ಏನೂ ಆಗುವುದಿಲ್ಲ. ಮಕ್ಕಳ ಮೈ ಸಣ್ಣದು. ನಮ್ಮ ಮನೆಯಲ್ಲಂತೂ ಅವರಿಗೆ ಕೊಡುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಬಾಟಲಿಗೆ ಬನ್ನಿ. ಪದಾರ್ಥಗಳ ಸಾಲಿನಲ್ಲಿ ಎಲ್ಲವೂ ತೂಕದ ಇಳಿಕೆ ಕ್ರಮದಲ್ಲಿರಬೇಕು: ಮೊದಲು ನೀರು, ಆಮೇಲೆ ಸಾಮಾನ್ಯವಾಗಿ ‘ತ್ಸುಕರ್’, ಅಂದರೆ ಸಕ್ಕರೆ. ಉಳಿದ ಸುವಾಸನೆಗಳನ್ನೆಲ್ಲ ‘ಆರೋಮಾ’ ಎಂಬ ಒಂದೇ ಪದದ ಸೆರಗಿನಲ್ಲಿ ಮುಚ್ಚಿಡಲು ತಯಾರಕರಿಗೆ ಅನುಮತಿ ಇದೆ. ಕ್ವಿನೈನ್ ಮತ್ತು ಕೆಫೀನ್‌ಗೆ ಮಾತ್ರ ಆ ಸೌಕರ್ಯವಿಲ್ಲ. ಸುವಾಸನೆಗೆಂದು ಹಾಕಿದರೂ ‘ಆರೋಮಾ’ದ ಪಕ್ಕದಲ್ಲೇ ಅವುಗಳ ಹೆಸರು ಹೇಳಲೇಬೇಕು. ಅದಕ್ಕೇ ‘ಆರೋಮಾ ಕಿನೀನ್’ ಎಂಬ ಜೋಡಿಪದ.

ಕೋಷ್ಟಕದಲ್ಲಿ ‘100 ಎಂಎಲ್’ ಎಂಬ ಕಾಲಂ ಮಾತ್ರ ನೋಡಿ. ‘ಒಂದು ಲೋಟಕ್ಕೆ’ ಎಂಬ ಲೆಕ್ಕ ಐಚ್ಛಿಕ, ಆ ಲೋಟ ಎಷ್ಟು ದೊಡ್ಡದು ಎನ್ನುವುದೂ ಅವರಿಷ್ಟ. 8 ಗ್ರಾಂ ಎಂದಿದ್ದರೆ 250 ಎಂಎಲ್ ಲೋಟಕ್ಕೆ 20 ಗ್ರಾಂ, ಐದು ಟೀ ಚಮಚ ಸಕ್ಕರೆ. ಕಹಿ ನಾಲಿಗೆಯನ್ನು ಮೋಸಗೊಳಿಸುತ್ತದೆ, ಸಿಹಿಯೇ ಇಲ್ಲವೇನೋ ಅನ್ನಿಸುತ್ತದೆ. ಸಕ್ಕರೆ ಕಡಿಮೆ ಕಂಡರೆ ‘ಮಿಟ್ ಜ್ಯೂಸುಂಗ್ಸ್‌ಮಿಟೆಲ್ನ್’ ಎಂಬ ಪದ ಹುಡುಕಿ, ಕೃತಕ ಸಿಹಿ ಇದೆ ಎಂದರ್ಥ. ‘ತ್ಸುಕರ್‌ಫ್ರೈ’ ಎನ್ನಲು 100 ಎಂಎಲ್‌ಗೆ ಸಕ್ಕರೆ 0.5 ಗ್ರಾಂ ಮೀರಬಾರದು. ಲಂಡನ್ನಿನ ಅಕ್ಕನ ಮನೆಯಲ್ಲಿ ಅದೇ ಬ್ರ್ಯಾಂಡಿನ ಬಾಟಲಿ ಸಿಕ್ಕರೆ ಇಲ್ಲಿಯದೇ ಎಂದು ನಂಬಬೇಡಿ. ಬ್ರಿಟನ್‌ನಲ್ಲಿ 2018ರ ಏಪ್ರಿಲ್‌ನಿಂದ 100 ಎಂಎಲ್‌ಗೆ 5 ಗ್ರಾಂ ಸಕ್ಕರೆ ಮುಟ್ಟಿದ ಪಾನೀಯಕ್ಕೆ ತೆರಿಗೆ ಇದೆ, ಜರ್ಮನಿಯಲ್ಲಿ ಇಲ್ಲ. ಹಾಗಾಗಿ ಅಲ್ಲಿ ಪಾಕವನ್ನೇ ಬದಲಿಸಿದ ಕಂಪನಿಗಳು ಬಹಳ.

ಹೋಟೆಲಿನಲ್ಲಿ ಲೇಬಲ್ ಕಾಣುವುದಿಲ್ಲ. ಅಲ್ಲಿ ಮೆನುವಿನಲ್ಲಿ ಪಾನೀಯದ ಹೆಸರಿನ ತಲೆಯ ಮೇಲೆ ಕೂತ ಪುಟ್ಟ ಅಂಕಿ ನೋಡಿ, ವಿವರ ಪುಟದ ಕೆಳಗೋ ಕೊನೆಯಲ್ಲೋ ಇರುತ್ತದೆ. ಒಂದು ಹೋಟೆಲಿನ 3 ಇನ್ನೊಂದರ 3 ಅಲ್ಲ. ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ನಮ್ಮ ಭಾರತೀಯ ಅಂಗಡಿಗಳಲ್ಲಿ ಸಿಗುವ ಸೋಡಾ, ಜೀರಾ ಡ್ರಿಂಕ್‌ಗಳ ಮೇಲೂ ಜರ್ಮನ್ ಭಾಷೆಯ ಬಿಳಿ ಚೀಟಿ ಅಂಟಿಸಿರಲೇಬೇಕು. ಒಮ್ಮೆ ಚೀಟಿಯಿಲ್ಲದ ಬಾಟಲಿ ಕೇಳಿದಾಗ “ನಿಮಗೆ ಗೊತ್ತಿರೋದೇ ಅಲ್ವಾ ಮೇಡಂ” ಅಂದರು. ಗೊತ್ತಿರುವುದನ್ನು ನಾನು ಎಷ್ಟು ಓದುತ್ತೇನೆ ಅಂತ ಮೇಲೆಯೇ ಹೇಳಿದ್ದೇನಲ್ಲ.

ನನಗೆ ಹೆಚ್ಚು ಚಿಂತೆ ತರುವುದು ನಮ್ಮದೇ ಪಾರ್ಟಿಗಳ ಐಸ್ ಟಬ್ಬು. ಟಾನಿಕ್ ಕ್ಯಾನ್, ರೆಡಿಮೇಡ್ ಜಿನ್ ಟಾನಿಕ್ ಕ್ಯಾನ್, ಎರಡೂ ಒಂದೇ ಎತ್ತರ, ಒಂದೇ ತಿಳಿಬಣ್ಣ, ಒಂದೇ ನಿಂಬೆಹೋಳಿನ ಚಿತ್ರ. ಖಾಲಿ ಕ್ಯಾನ್‌ಗೆ 25 ಸೆಂಟ್ ಫಾಂಡ್ ವಾಪಸ್ ಬರುತ್ತದೆಂದು ಕ್ಯಾನ್‌ಗಳ ಸುತ್ತ ಸುಳಿದಾಡುವುದೂ ಮಕ್ಕಳೇ. ಸ್ಪಿರಿಟ್ ಬೆರೆಸಿದ ಸಿಹಿ ಪಾನೀಯಗಳಿಗೆ 2004ರಲ್ಲಿ ವಿಶೇಷ ತೆರಿಗೆ ಬಂತು, 18 ತುಂಬದವರಿಗೆ ಮಾರಬಾರದೆಂದು ಕ್ಯಾನ್ ಮೇಲೆಯೇ ಬರೆಯಬೇಕೆಂಬ ನಿಯಮವೂ ಬಂತು. ಆದರೆ ಅದು ಶೇ. 1.2ಕ್ಕಿಂತ ಹೆಚ್ಚು, 10ಕ್ಕಿಂತ ಕಡಿಮೆ ಆಲ್ಕೊಹಾಲ್ ಇರುವವಕ್ಕೆ. ಅಂಗಡಿಯಲ್ಲಿ ನೋಡಿ, ಎಷ್ಟೋ ಕ್ಯಾನ್‌ಗಳು ಕರಾರುವಾಕ್ಕಾಗಿ ಶೇ. 10. ತೆರಿಗೆಯೂ ಇಲ್ಲ, ಆ ಎಚ್ಚರಿಕೆಯ ಸಾಲೂ ಕಡ್ಡಾಯವಲ್ಲ. ಕಡಿಮೆ ಆಲ್ಕೊಹಾಲ್‌ಗೆ ಎಚ್ಚರಿಕೆ, ಹೆಚ್ಚಿನದಕ್ಕೆ ಬೇಡ! ಮಾರುವಾಗ 18 ತುಂಬಿರಬೇಕೆಂಬ ನಿಯಮ ಇದಕ್ಕೂ ಇದೆ ನಿಜ, ಆದರೆ ನಿಮ್ಮ ಮನೆಯ ಟಬ್ಬಿಗೆ ಕ್ಯಾಷಿಯರ್ ಇಲ್ಲ. ಬೇರೆ ಟಬ್ಬು, ಎತ್ತರದ ಮೇಜು. ಜೊತೆಗೆ ಮಕ್ಕಳಿಗೆ ‘ವೋಲ್’ ಎಂಬ ಮೂರಕ್ಷರದ ಜರ್ಮನ್ ಗುರುತು ಕಲಿಸಿಡಿ. ಶೇಕಡಾ ಚಿಹ್ನೆಯ ಪಕ್ಕ ಅದು ಕಂಡರೆ ಮುಟ್ಟಬಾರದು.

ನಾವು ಈಗ ಶನಿವಾರದ ಅಂಗಡಿಯಲ್ಲಿ ಒಂದು ಆಟ ಆಡುತ್ತೇವೆ. ಮಗಳು ಜರ್ಮನ್‌ನಲ್ಲಿ ಓದಬೇಕು, ನಾನು ಕನ್ನಡ ಹೇಳಬೇಕು, ತಡವರಿಸಿದವರು ಚೀಲ ಹೊರಬೇಕು. ‘ಕೋಲೆನ್‌ಜ್ಯೂರೆ’ಗೆ ‘ಇಂಗಾಲಾಮ್ಲ’ ಎಂದು ಪಠ್ಯಪುಸ್ತಕದ ಪದ ಹೇಳಿದೆ. ಅವಳು ಒಪ್ಪಲಿಲ್ಲ, ಫೋನಿನಲ್ಲಿ ಅಜ್ಜಿ ಹೇಳಿದ ‘ಗ್ಯಾಸು’ ಗೆದ್ದಿತು.

ಉಳಿದ ಬಿಟರ್ ಲೆಮನ್ ಚೆಲ್ಲಲಿಲ್ಲ. ಕತ್ತಲೆ ಕೋಣೆಯಲ್ಲಿ, ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿದೆ. ಬಾಟಲಿ ತಿಳಿನೀಲಿಯಾಗಿ ಹೊಳೆಯಿತು. ಟಾರ್ಚ್ ಸದಾ ನಿಮ್ಮ ಕೈಯಲ್ಲಿರಲಿ, ಬೆಳಕು ಯಾರ ಕಣ್ಣಿಗೂ ಬೀಳದಿರಲಿ. ಟಾನಿಕ್ ಆದರೆ ಇನ್ನೂ ಚೆಂದ. ಆಮೇಲೆ ಒಂದು ಚಮಚ ಅಡುಗೆ ಉಪ್ಪು ಹಾಕಿ: ಭುಸ್ಸೆಂದು ನೊರೆ ಬರುತ್ತದೆ, ಹೊಳಪು ಮಂಕಾಗುತ್ತದೆ. ಉಪ್ಪಿನ ಕ್ಲೋರೈಡ್ ಕ್ವಿನೈನ್‌ನ ಬೆಳಕನ್ನು ನುಂಗಿಬಿಡುತ್ತದೆ. ತಮ್ಮ ಆರೋಗ್ಯವಾಗಿಯೇ ಹುಟ್ಟಿದ. ಈಗ ಅವನಿಗೆ ಮೂರು ವರ್ಷ, ದಿನಾ ರಾತ್ರಿ “ನೀಲಿ ಹಾಲು ತೋರ್ಸು” ಅಂತಾನೆ.