ಫ್ರೀ ಥ್ರೋಗೆ ಮುನ್ನ ರೆಫರಿ ಬೆರಳು ತೋರಿಸುವುದೇಕೆ?

ಪ್ರಶ್ನೆ: ಲಿಂಗಸುಗೂರಿನಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುವಾಗ ಈ ಸಂದೇಹ ಬಂತು. – ಓದುಗರು, ಸಿಂಧನೂರು

ಉತ್ತರ: ಇನ್ನೆಷ್ಟು ಎಸೆತ ಉಳಿದಿವೆ ಎಂದು ತಿಳಿಸಲು. ಬುಟ್ಟಿಯ ಕಡೆ ನಿಂತ ರೆಫರಿ ಬೆರಳುಗಳನ್ನು ಅಡ್ಡಲಾಗಿ ಚಾಚುತ್ತಾರೆ. ಎರಡು ಬೆರಳೆಂದರೆ ಎರಡು ಎಸೆತ. ಆಟಗಾರರಿಗೆ ಇದು ಬಹಳ ಮುಖ್ಯ. ಸಾಮಾನ್ಯವಾಗಿ ಕೊನೆಯ ಎಸೆತ ತಪ್ಪಿದರೆ ಮಾತ್ರ ಆಟ ಮುಂದುವರಿಯುತ್ತದೆ, ರಿಬೌಂಡಿಗೆ ನುಗ್ಗಬೇಕು. ಚೆಂಡು ಕೈಬಿಡುವ ಮುನ್ನ ಸಾಲಿನಲ್ಲಿ ನಿಂತವರು ಒಳಗೆ ಕಾಲಿಡುವಂತಿಲ್ಲ. ಎಸೆಯಲು 5 ಸೆಕೆಂಡು. ಹಿಂದೆ ನಿಂತ ರೆಫರಿ ಕೈ ಬೀಸಿ ಎಣಿಸುತ್ತಾರೆ.

ಗದ್ದಲದಲ್ಲಿ ಕೂಗು ಕೇಳದಿದ್ದರೂ ಬೆರಳು ಕಾಣುತ್ತದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್‌ಗೆ ಹಲವು ದೇಶಗಳ ತಂಡಗಳು ಸೇರಿದಾಗಲೂ ಎಲ್ಲರಿಗೂ ಅರ್ಥವಾದದ್ದು ಈ ಭಾಷೆಯೇ. ಚೆಂಡು ಬುಟ್ಟಿಗೆ ಬಿದ್ದರೆ ಒಂದೇ ಬೆರಳು ಮಣಿಕಟ್ಟಿನಿಂದ ಕೆಳಗೆ ಬಾಗುತ್ತದೆ: 1 ಅಂಕ.