ವಿಮಾನ ಚಾಲಕರ ಕೈಗಡಿಯಾರ

ವಿಮಾನ ಚಾಲಕರ ಕೈಗಡಿಯಾರ ಎಂದರೆ ಹಾರಾಟದ ವೇಳೆ ಸಮಯವನ್ನು ತಪ್ಪಿಲ್ಲದೆ ಓದಲು, ಅವಧಿಯನ್ನು ಅಳೆಯಲು ಹಾಗೂ ಸ್ಥಳೀಯ ಸಮಯವನ್ನು ವಿಶ್ವ ಸಮಯದೊಡನೆ ಹೊಂದಿಸಿಕೊಳ್ಳಲು ಅನುಕೂಲವಾಗುವಂತೆ ರೂಪಿಸಿದ ಗಡಿಯಾರ. ಇಂದಿನ ವಿಮಾನಗಳಲ್ಲಿ ನಿಖರವಾದ ಗಡಿಯಾರವಿದ್ದೇ ಇರುತ್ತದೆ. ಆದರೂ ವಿದ್ಯುತ್ ವ್ಯವಸ್ಥೆ ಕೆಟ್ಟಾಗ ನೆರವಾಗುವ ಸಾಧನವಾಗಿ ಚಾಲಕರು ಕೈಗಡಿಯಾರವನ್ನು ಕಟ್ಟಿಕೊಳ್ಳುತ್ತಾರೆ. ಭಾರತದ ಚಾಲಕರು ಇದನ್ನು ಆರಿಸುವಾಗ ಬೇರೆ ಅನೇಕ ದೇಶಗಳವರಿಗೆ ಎದುರಾಗದ ಒಂದು ತೊಡಕನ್ನು ಗಮನಿಸಬೇಕಾಗುತ್ತದೆ: ನಮ್ಮ ಸಮಯಕ್ಕೂ ವಿಶ್ವ ಸಮಯಕ್ಕೂ ಇರುವ ಅಂತರದಲ್ಲಿ ಅರ್ಧ ಗಂಟೆ ಸೇರಿದೆ.

ಹಿನ್ನೆಲೆ

1904ರಲ್ಲಿ ಬ್ರೆಜಿಲ್ ಮೂಲದ ವೈಮಾನಿಕ ಆಲ್ಬರ್ಟೊ ಸಾಂತೋಸ್ ದ್ಯುಮೊಂಗಾಗಿ ಪ್ಯಾರಿಸ್ಸಿನ ಲೂಯಿ ಕಾರ್ತಿಯೆ ತಯಾರಿಸಿದ ಕೈಗಡಿಯಾರವನ್ನು ಈ ಬಗೆಯ ಮೊದಲ ಗಡಿಯಾರಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. ಹಾರುತ್ತಿರುವಾಗ ಜೇಬಿನ ಗಡಿಯಾರವನ್ನು ಹೊರತೆಗೆಯುವುದು ಕಷ್ಟವಾಗಿದ್ದುದೇ ಅದರ ಹುಟ್ಟಿಗೆ ಕಾರಣ.

ಬೆಂಗಳೂರಿಗೆ ವಿಮಾನ ಮತ್ತು ಗಡಿಯಾರ ಎರಡರ ನಂಟೂ ಇದೆ. ನಗರದ ಪೂರ್ವಭಾಗದಲ್ಲಿ, ಇಂದಿರಾನಗರ ಮತ್ತು ದೊಮ್ಮಲೂರುಗಳ ಆಚೆ, 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾಯಿತು. ಅದರ ಪಕ್ಕದ ಎಚ್‌ಎಎಲ್ ವಿಮಾನ ನಿಲ್ದಾಣವೇ 2008ರ ಮೇ ತಿಂಗಳವರೆಗೆ ನಗರದ ಪ್ರಯಾಣಿಕ ವಿಮಾನಗಳ ನೆಲೆಯಾಗಿತ್ತು. 1961ರಲ್ಲಿ ಎಚ್‌ಎಂಟಿ ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. ಅದರ ‘ಪೈಲಟ್’ ಮಾದರಿ ಬಹಳ ಜನಪ್ರಿಯವಾಯಿತು. ಕೀಲಿ ಕೊಟ್ಟು ನಡೆಸುವ ಈ ಗಡಿಯಾರದ ಸಾಮಾನ್ಯ ರೂಪದಲ್ಲಿ ಕಪ್ಪು ಡಯಲ್, ಬಿಳಿಯ ಅಂಕಿಗಳು ಮತ್ತು ಮೂರು ಮುಳ್ಳುಗಳು ಇರುತ್ತಿದ್ದವು. ಎರಡನೆಯ ಸಮಯವನ್ನು ತೋರಿಸುವ ವ್ಯವಸ್ಥೆಯಾಗಲಿ ನಿಲುಗಡಿಯಾರವಾಗಲಿ ಅದರಲ್ಲಿ ಇರಲಿಲ್ಲ. ಆದರೆ ಒಂದೇ ನೋಟಕ್ಕೆ ಸಮಯ ತಿಳಿಯುವ ಗುಣ ಇತ್ತು. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು.

ವಿಶ್ವ ಸಮಯ ಮತ್ತು ಅರ್ಧ ಗಂಟೆಯ ಅಂತರ

ಹಾರಾಟದ ಯೋಜನೆ, ಹವಾಮಾನ ವರದಿ ಮತ್ತು ವಾಯು ಸಂಚಾರ ನಿಯಂತ್ರಣದ ಸೂಚನೆಗಳು ವಿಶ್ವ ಸಮಯದಲ್ಲಿ, ಅಂದರೆ ಯುಟಿಸಿಯಲ್ಲಿ ಇರುತ್ತವೆ. ಭಾರತೀಯ ಪ್ರಮಾಣ ಸಮಯವು ಪೂರ್ವ ರೇಖಾಂಶ 82.5 ಡಿಗ್ರಿಯನ್ನು ಆಧರಿಸಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದ್ದರಿಂದ 82.5 ಡಿಗ್ರಿಗೆ 330 ನಿಮಿಷ, ಅಂದರೆ 5 ಗಂಟೆ 30 ನಿಮಿಷಗಳ ಅಂತರ ಬರುತ್ತದೆ.

ಈ ಅಂತರದಿಂದ ದಿನಾಂಕವೂ ಬದಲಾಗುತ್ತದೆ. ಬೆಂಗಳೂರಿನಲ್ಲಿ 2ನೆಯ ತಾರೀಖಿನ ಬೆಳಗಿನ ಜಾವ 3 ಗಂಟೆ 10 ನಿಮಿಷವಾದಾಗ ವಿಶ್ವ ಸಮಯದಲ್ಲಿ ಇನ್ನೂ 1ನೆಯ ತಾರೀಖು, ರಾತ್ರಿ 21 ಗಂಟೆ 40 ನಿಮಿಷ. ಬೆಳಿಗ್ಗೆ 5.30ಕ್ಕೆ ಮೊದಲು ಹೊರಡುವ ಪ್ರತಿಯೊಂದು ವಿಮಾನದ ದಾಖಲೆಯಲ್ಲೂ ಹೀಗೆ ಹಿಂದಿನ ದಿನದ ದಿನಾಂಕವನ್ನು ಬರೆಯಬೇಕಾಗುತ್ತದೆ. ಇದನ್ನು ಮರೆತರೆ ಹವಾಮಾನ ವರದಿ ಹಳೆಯದೋ ಹೊಸದೋ ಎಂಬ ನಿರ್ಣಯವೇ ತಪ್ಪಬಹುದು.

1950ರ ದಶಕದಲ್ಲಿ ದೂರದ ಹಾರಾಟಗಳಿಗಾಗಿ 24 ಗಂಟೆಗಳ ನಾಲ್ಕನೆಯ ಮುಳ್ಳನ್ನು ಹೊಂದಿರುವ ‘ಜಿಎಂಟಿ’ ಮಾದರಿಯ ಗಡಿಯಾರಗಳು ಬಂದವು. ಇವುಗಳಲ್ಲಿ ಎರಡೂ ಸಮಯಗಳಿಗೆ ನಿಮಿಷದ ಮುಳ್ಳು ಒಂದೇ. ವಿಶ್ವ ಸಮಯದಿಂದ ಪೂರ್ಣ ಗಂಟೆಗಳ ಅಂತರವಿರುವ ದುಬೈ (4 ಗಂಟೆ) ಅಥವಾ ಸಿಂಗಾಪುರದ (8 ಗಂಟೆ) ಚಾಲಕರಿಗೆ ಇದು ಸರಿಹೊಂದುತ್ತದೆ. ಭಾರತದಲ್ಲಿ 10 ಗಂಟೆ 10 ನಿಮಿಷವಾದಾಗ ವಿಶ್ವ ಸಮಯ 4 ಗಂಟೆ 40 ನಿಮಿಷವಾಗಿರುತ್ತದೆ. ಆದರೆ ನಿಮಿಷದ ಮುಳ್ಳು 10ನ್ನೇ ತೋರಿಸುತ್ತಿರುತ್ತದೆ. ಉಳಿದ 30 ನಿಮಿಷಗಳನ್ನು ಚಾಲಕರು ಮನಸ್ಸಿನಲ್ಲೇ ಲೆಕ್ಕ ಹಾಕಬೇಕು. ದಣಿದಿರುವ ವೇಳೆಯಲ್ಲಿ ತಪ್ಪಾಗುವುದು ಇಂತಹ ಲೆಕ್ಕಗಳಲ್ಲಿಯೇ.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಎರಡು ಸಮಯಗಳನ್ನು ನಿಮಿಷಸಹಿತ ಬೇರೆಬೇರೆಯಾಗಿ ತೋರಿಸುವ ಡಿಜಿಟಲ್ ಅಥವಾ ಮುಳ್ಳು–ಅಂಕಿ ಎರಡೂ ಇರುವ ಗಡಿಯಾರ. ಎರಡನೆಯದು, ಸರಳವಾದ ಮೂರು ಮುಳ್ಳುಗಳ ಗಡಿಯಾರವನ್ನು ಸದಾ ವಿಶ್ವ ಸಮಯಕ್ಕೇ ಇಟ್ಟು, ಸ್ಥಳೀಯ ಸಮಯವನ್ನು ಮೊಬೈಲಿನಲ್ಲಿ ನೋಡಿಕೊಳ್ಳುವುದು.

ಅವಧಿಯ ಅಳತೆ

ತರಬೇತಿಯಲ್ಲಿರುವವರಿಗೆ ಸೆಕೆಂಡುಗಳೂ ಮುಖ್ಯ. ಪ್ರಮಾಣಿತ ವೇಗದ ತಿರುವಿನಲ್ಲಿ ವಿಮಾನವು ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿ 2 ನಿಮಿಷಗಳಲ್ಲಿ ಒಂದು ಪೂರ್ಣ ಸುತ್ತನ್ನು ಮುಗಿಸುತ್ತದೆ. ಇಳಿಯಲು ಸರದಿ ಕಾಯುತ್ತಾ ಸುತ್ತು ಹಾಕುವಾಗ 14,000 ಅಡಿಗಳವರೆಗಿನ ಎತ್ತರದಲ್ಲಿ ನೇರ ಹಾದಿಯ ಹಾರಾಟ 1 ನಿಮಿಷ, ಅದಕ್ಕೂ ಮೇಲೆ ಒಂದೂವರೆ ನಿಮಿಷ. ಗಂಟೆಗೆ 120 ನಾಟಿಕಲ್ ಮೈಲಿ ವೇಗದ ವಿಮಾನವು ನಿಮಿಷಕ್ಕೆ 2 ನಾಟಿಕಲ್ ಮೈಲಿ ಸಾಗುವುದರಿಂದ, ಅಳತೆಯಲ್ಲಿ ಅರ್ಧ ನಿಮಿಷ ತಪ್ಪಿದರೆ ಸ್ಥಾನದ ಅಂದಾಜಿನಲ್ಲಿ 1 ನಾಟಿಕಲ್ ಮೈಲಿ ತಪ್ಪುತ್ತದೆ. ಆದ್ದರಿಂದ ಸ್ಪಷ್ಟವಾದ ಸೆಕೆಂಡಿನ ಮುಳ್ಳು ಅಥವಾ ಸುಲಭವಾಗಿ ಒತ್ತಬಹುದಾದ ಗುಂಡಿಗಳ ನಿಲುಗಡಿಯಾರ ಅವಶ್ಯಕ.

ಆಯ್ಕೆಯ ಮಾನದಂಡಗಳು

ಓದಲು ಸುಲಭವಾಗಿರುವುದು ಮೊದಲ ಮಾನದಂಡ. ಡಯಲಿಗೂ ಮುಳ್ಳುಗಳಿಗೂ ಬಣ್ಣದ ವ್ಯತ್ಯಾಸ ಎದ್ದು ಕಾಣಬೇಕು. ಗಾಜು ಬೆಳಕನ್ನು ಪ್ರತಿಫಲಿಸಬಾರದು. ಕತ್ತಲಲ್ಲಿ ಹೊಳೆಯುವ ಲೇಪ ಅಥವಾ ಮಂದ ದೀಪ ಇರಬೇಕು. ಕಣ್ಣು ಕುಕ್ಕುವ ದೀಪ ರಾತ್ರಿಯ ದೃಷ್ಟಿಯನ್ನು ಕೆಡಿಸುತ್ತದೆ.

ನಿಖರತೆಯಲ್ಲಿ ಕ್ವಾರ್ಟ್ಜ್ ಗಡಿಯಾರ ಮುಂದಿದೆ. ಕೀಲಿ ಕೊಡುವ ಗಡಿಯಾರ ಒಂದು ದಿನದಲ್ಲಿ ವ್ಯತ್ಯಾಸವಾಗುವಷ್ಟು ಸೆಕೆಂಡು ಸಾಮಾನ್ಯ ಕ್ವಾರ್ಟ್ಜ್ ಗಡಿಯಾರದಲ್ಲಿ ತಿಂಗಳಿಗೆ ವ್ಯತ್ಯಾಸವಾಗಬಹುದು. ಆದರೆ ಬ್ಯಾಟರಿಯನ್ನು ಅದು ಮುಗಿಯುವ ಮೊದಲೇ ಬದಲಾಯಿಸಬೇಕು. ಹೆಡ್‌ಫೋನಿನಂತಹ ಸಾಧನಗಳ ಕಾಂತಗಳಿಂದ ತೊಂದರೆಯಾಗದಂತೆ, ಐಎಸ್‌ಒ 764 ಮಾನಕಕ್ಕೆ ಒಳಪಟ್ಟ ಗಡಿಯಾರ ಉತ್ತಮ. ಅಂಗಿಯ ತೋಳಿಗಾಗಲಿ ಚಾಲನಾ ಸನ್ನೆಗಳಿಗಾಗಲಿ ಸಿಕ್ಕಿಕೊಳ್ಳದ, ಅತಿ ದಪ್ಪವಲ್ಲದ ಗಾತ್ರ ಒಳ್ಳೆಯದು.

ಡಯಲಿನ ಸುತ್ತ ಇರುವ ಲೆಕ್ಕದ ಪಟ್ಟಿ, ಹಲವು ಚಿಕ್ಕ ಮುಖಗಳು ಮುಂತಾದವು ನೋಡಲು ಆಕರ್ಷಕವಾದರೂ ಓದುವುದಕ್ಕೆ ಅಡ್ಡಿಯಾಗಬಹುದು. ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟಿನಲ್ಲಾಗಲಿ ಬೇರೆಲ್ಲೇ ಆಗಲಿ, ಅಂಗಡಿಯ ಪ್ರಖರ ದೀಪದಡಿ ಎಲ್ಲ ಗಡಿಯಾರಗಳೂ ಸ್ಪಷ್ಟವಾಗಿಯೇ ಕಾಣುತ್ತವೆ. ಆದ್ದರಿಂದ ಕೊಳ್ಳುವ ಮುನ್ನ ಗಡಿಯಾರವನ್ನು ನೆರಳಿಗೆ ಒಯ್ದು, ಕೈ ಚಾಚಿ, ಒಂದೇ ನೋಟಕ್ಕೆ ನಿಮಿಷ ಓದಲಾಗುತ್ತದೆಯೇ ಎಂದು ಪರೀಕ್ಷಿಸುವುದು ಸೂಕ್ತ. ಎರಡನೆಯ ಸಮಯ ತೋರಿಸುವ ಗಡಿಯಾರವಾದರೆ ಅದನ್ನು 5 ಗಂಟೆ 30 ನಿಮಿಷಗಳ ಅಂತರಕ್ಕೆ ಹೊಂದಿಸಲು ಸಾಧ್ಯವೇ ಎಂಬುದನ್ನೂ ಅಲ್ಲಿಯೇ ನೋಡಬೇಕು.